ಹೂವಿನ ಹಿನ್ನೆಲೆ

ಹೂವಿನ ಫೋಟೋ ತೆಗೆಯುವುದು ನಿರಪಾಯವಾದ ಹವ್ಯಾಸ ಎಂದು ಲೋಕದ ನಂಬಿಕೆ. ಹುಲಿಯ ಚಿತ್ರ ತೆಗೆಯುವವನಿಗೆ ಧೈರ್ಯ ಬೇಕು, ಹಕ್ಕಿಯ ಚಿತ್ರ ತೆಗೆಯುವವನಿಗೆ ತಾಳ್ಮೆ ಬೇಕು, ಮದುವೆಯ ಚಿತ್ರ ತೆಗೆಯುವವನಿಗೆ ಇವೆರಡರ ಜೊತೆಗೆ ಬೀಗರ ಬೈಗುಳವನ್ನು ಅರಗಿಸಿಕೊಳ್ಳುವ ಶಕ್ತಿಯೂ ಬೇಕು. ಹೂವಿನವನಿಗೆ ಏನೂ ಬೇಡ. ಹೂವು ಓಡುವುದಿಲ್ಲ, ಕಚ್ಚುವುದಿಲ್ಲ, ನನಗೂ ಒಂದು ಪ್ರತಿ ಕೊಡಿ ಎಂದು ಪೀಡಿಸುವುದಿಲ್ಲ. ನಿವೃತ್ತರಾದವರಿಗೆ ವೈದ್ಯರು ಇದನ್ನು ಔಷಧಿಯಂತೆ ಬರೆದುಕೊಟ್ಟರೂ ಆಶ್ಚರ್ಯವಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಬಹುಕಾಲ ಹೂವಿನ ಬೆನ್ನು ಹತ್ತಿ ಅಲೆದ ಮೇಲೆ ನನಗೆ ಈ ನಂಬಿಕೆ ಉಳಿದಿಲ್ಲ. ಹೂವೇನೋ ನಿರುಪದ್ರವಿಯೇ. ತೊಂದರೆ ಇರುವುದು ಹೂವಿನ ಹಿಂದೆ ನಾವು ಏನನ್ನು ಇಡುತ್ತೇವೆ ಎಂಬುದರಲ್ಲಿ.

ನಾನು ಹೇಳಹೊರಟಿರುವುದು ಕಾಂಟ್ರಾಸ್ಟ್ ಎಂಬ ಸಂಗತಿಯ ಬಗ್ಗೆ. ಕನ್ನಡದಲ್ಲಿ ಅದಕ್ಕೆ ವೈದೃಶ್ಯ ಎಂಬ ಗಂಭೀರವಾದ ಹೆಸರಿದೆ. ಬಿಳಿಯದು ಎದ್ದು ಕಾಣಬೇಕಾದರೆ ಪಕ್ಕದಲ್ಲಿ ಕಪ್ಪಿರಬೇಕು. ನಯವಾದದ್ದರ ಪಕ್ಕದಲ್ಲಿ ಒರಟು, ಎಳೆಯದರ ಪಕ್ಕದಲ್ಲಿ ಹಳೆಯದು. ಫೋಟೋಗ್ರಫಿಯ ಪುಸ್ತಕಗಳು ಮೊದಲ ಪಾಠದಲ್ಲೇ ಇದನ್ನು ಹೇಳುತ್ತವೆ. ಹಾಗೆ ಪಕ್ಕಪಕ್ಕ ಇಟ್ಟ ಎರಡು ವಸ್ತುಗಳು ತಮಗೆ ತಾವೇ ಒಂದು ಅರ್ಥವನ್ನು ಹೊರಡಿಸುತ್ತವೆ, ಅದೇ ಸಂಕೇತ ಎಂದು ಎರಡನೆಯ ಪಾಠದಲ್ಲಿ ಬರುತ್ತದೆ. ಪಾಳುಗೋಡೆಯ ಬಿರುಕಿನಲ್ಲಿ ಹೂವು ಅರಳಿದ್ದರೆ ಅದು ‘ಆಶೆ’. ಮುಳ್ಳುತಂತಿಯ ಮೇಲೆ ಹಬ್ಬಿದ್ದರೆ ‘ಸ್ವಾತಂತ್ರ್ಯ’. ಬಾಡಿದ್ದರೆ ‘ಮುಪ್ಪು’. ಸ್ಪರ್ಧೆಗೆ ಚಿತ್ರ ಕಳುಹಿಸುವವರು ಈ ಮೂರು ಹೆಸರುಗಳನ್ನು ನೆನಪಿಟ್ಟುಕೊಂಡರೆ ಜೀವಮಾನವೆಲ್ಲ ಸಾಗುತ್ತದೆ. ನನ್ನ ತಕರಾರು ಇರುವುದು ‘ತಮಗೆ ತಾವೇ’ ಎಂಬ ಮಾತಿನೊಂದಿಗೆ.

ನಾನು ಕೆಲಸ ಕಲಿತದ್ದು ಕಪ್ಪು ಬಿಳುಪು ಫಿಲ್ಮಿನ ಕಾಲದಲ್ಲಿ. ದಾಸವಾಳದ ಕೆಂಪಿಗೂ ಅದರ ಎಲೆಯ ಹಸಿರಿಗೂ ನಮ್ಮ ಕಣ್ಣಿನಲ್ಲಿ ಎಷ್ಟು ದೂರ! ಫಿಲ್ಮಿನ ಮೇಲೆ ಮಾತ್ರ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಇಳಿದು, ಹೂವೆಲ್ಲಿ ಎಲೆಯೆಲ್ಲಿ ಎಂದು ಹುಡುಕಬೇಕಾಗುತ್ತಿತ್ತು. ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಹಾಕಿದರೆ ಹೂವು ಬೆಳಗಿ ಎಲೆ ಕಪ್ಪಾಗುತ್ತದೆ. ಹಸಿರು ಫಿಲ್ಟರ್ ಹಾಕಿದರೆ ಎಲೆ ಬೆಳಗಿ ಹೂವು ಕಪ್ಪಾಗುತ್ತದೆ. ಅದೇ ಗಿಡ, ಅದೇ ಬಿಸಿಲು, ಅದೇ ಬೆಳಗಿನ ಎಂಟು ಗಂಟೆ. ಯಾವುದು ಬೆಳಕು, ಯಾವುದು ಕತ್ತಲೆ ಎಂಬುದನ್ನು ತೀರ್ಮಾನಿಸಿದ್ದು ಅಂಗೈಯಲ್ಲಿ ಹಿಡಿಸುವ ಒಂದು ಗಾಜಿನ ಬಿಲ್ಲೆ, ಮತ್ತು ಅದನ್ನು ಆರಿಸಿದ ನಾನು.

ಬೆಳಕನ್ನು ಅಳೆಯುವ ಮೀಟರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಲೋಕದಲ್ಲಿರುವುದೆಲ್ಲ ನಡುಬೂದು ಎಂದೇ ಅದರ ಸಿದ್ಧಾಂತ. ಮಲ್ಲಿಗೆಯ ರಾಶಿಗೆ ಹಿಡಿದರೆ ಇದನ್ನು ಬೂದು ಮಾಡು ಎನ್ನುತ್ತದೆ. ಕರಿಯ ಕಂಬಳಿಗೆ ಹಿಡಿದರೂ ಬೂದು ಮಾಡು ಎನ್ನುತ್ತದೆ. ಕರಿಯ ಕಂಬಳಿಯ ಮೇಲೆ ಒಂದೇ ಒಂದು ಮಲ್ಲಿಗೆಯನ್ನು ಇಟ್ಟಿರೋ, ಕಂಬಳಿಯನ್ನು ಬೆಳಗಿಸುವ ಆತುರದಲ್ಲಿ ಮಲ್ಲಿಗೆಯ ಎಸಳುಗಳನ್ನೆಲ್ಲ ಸುಟ್ಟು ಸುಣ್ಣದ ಚುಕ್ಕೆ ಮಾಡಿಬಿಡುತ್ತದೆ. ಈಗಿನ ಮೊಬೈಲುಗಳು ಇದನ್ನೆಲ್ಲ ನಮ್ಮನ್ನು ಕೇಳದೆ ತಾವೇ ತಿದ್ದಿಕೊಳ್ಳುತ್ತವೆ, ನಿಜ. ಕೇಳದೆ ತಿದ್ದುವುದರಿಂದ ತೀರ್ಮಾನ ಇಲ್ಲವಾಗುವುದಿಲ್ಲ. ನಮ್ಮ ಕೈ ಬಿಟ್ಟು ಇನ್ನಾರದೋ ಕೈ ಸೇರುತ್ತದೆ, ಅಷ್ಟೆ.

ಅರ್ಥದ ವಿಷಯವೂ ಹೀಗೆಯೇ ಎಂಬುದು ನನಗೆ ಹೊಳೆದದ್ದು ಶ್ರೀರಂಗಪಟ್ಟಣದಲ್ಲಿ. ಮೇ ತಿಂಗಳಲ್ಲಿ ಆ ಕಡೆ ಹೋದವರಿಗೆ ಗುಲ್‌ಮೊಹರ್ ಮರಗಳು ಹೇಗೆ ಹತ್ತಿ ಉರಿಯುತ್ತವೆ ಎಂದು ಹೇಳಬೇಕಾಗಿಲ್ಲ. ಟಿಪ್ಪು ಸುಲ್ತಾನ್ ಕೋಟೆಯೊಳಗೆ ಬಿದ್ದದ್ದು 1799ರ ಮೇ 4ರಂದು. ಹಳೆಯ ಕಲ್ಲುಗೋಡೆ, ಅದರ ಬುಡದಲ್ಲಿ ಉದುರಿದ ಕೆಂಪು ಎಸಳು: ಯಾವ ಫೋಟೋಗ್ರಾಫರನ ಬೆರಳು ತಾನೇ ಸುಮ್ಮನಿದ್ದೀತು! ಇಂಥ ಒಂದು ಚಿತ್ರ ಯಾವುದೋ ಪ್ರದರ್ಶನದಲ್ಲಿ ತೂಗುಹಾಕಿದ್ದು, ಅದರ ಮುಂದೆ ಜನ ತಲೆದೂಗುತ್ತಿದ್ದರು. ಗೋಡೆ ಇತಿಹಾಸ, ಹೂವು ನೆತ್ತರು ಎಂದು ಯಾರೂ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಚಿತ್ರ ಸೊಗಸಾಗಿತ್ತು. ಆದರೆ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ ಮರ. ಸಸ್ಯಶಾಸ್ತ್ರಜ್ಞರಿಗೆ ಅದರ ಪರಿಚಯವಾದದ್ದೇ 1820ರ ದಶಕದಲ್ಲಿ. ಸುಲ್ತಾನ ಸತ್ತ ಮಧ್ಯಾಹ್ನ ಕಾವೇರಿಯ ಈ ದ್ವೀಪದಲ್ಲಿ ಆ ಕೆಂಪು ಎಲ್ಲಿಯೂ ಇದ್ದಿರಲಾರದು. ಅವನಿಗಾಗಿ ಅಳುತ್ತಿದೆ ಎಂದು ನಾವು ತಿಳಿದ ಹೂವು ಅವನನ್ನು ಕಂಡದ್ದೇ ಇಲ್ಲ.

ಇದರಿಂದ ಆ ಚಿತ್ರ ಸುಳ್ಳಾಯಿತೇ ಎಂದು ಕೇಳಿದರೆ ನಾನು ಇಲ್ಲ ಎಂದೇ ಹೇಳುತ್ತೇನೆ. ಹಾಗೆ ಪತ್ತೆ ಹಚ್ಚುತ್ತ ಹೊರಟರೆ ನಮ್ಮ ಪೂಜೆಯ ಚೆಂಡುಹೂವೂ ಅಮೆರಿಕ ಖಂಡದಿಂದ ಬಂದದ್ದು. ಸಂಗಮದಲ್ಲಿ ಅಸ್ಥಿ ಬಿಡುವವರು ಮಡಕೆಯ ಜೊತೆಗೆ ನೀರಿಗೆ ಬಿಡುವ ಆ ಹಳದಿ ಉಂಡೆಗಳು ನಮ್ಮ ಮುತ್ತಜ್ಜನ ಮುತ್ತಜ್ಜನಿಗೆ ಗೊತ್ತಿದ್ದವೋ ಇಲ್ಲವೋ. ಅಲ್ಲಿಂದಲೇ ಬಂದ ದೇವಕಣಗಿಲೆ ಗುಡಿಯ ಅಂಗಳದಲ್ಲಿದ್ದರೆ ದೇವರಿಗೆ, ಗೋರಿಯ ಪಕ್ಕದಲ್ಲಿದ್ದರೆ ಸತ್ತವರಿಗೆ. ಟೊಂಗೆ ಒಂದೇ, ಹಾಲು ಒಂದೇ, ಐದು ಎಸಳೂ ಅವೇ. ಹೂವಿಗೆ ಅರ್ಥ ಇರುವುದಿಲ್ಲ, ಅದನ್ನು ನಾವು ಮುಡಿಸುತ್ತೇವೆ. ಮುಡಿಸುವುದರಲ್ಲಿ ತಪ್ಪಿಲ್ಲ, ಮನುಷ್ಯ ಮತ್ತೇನು ತಾನೇ ಮಾಡಿಯಾನು? ಹೂವಿಗೂ ಇದರಿಂದ ನಷ್ಟವಿಲ್ಲ. ನಷ್ಟದ ಲೆಕ್ಕ ಶುರುವಾಗುವುದು ವೈದೃಶ್ಯದ ಇನ್ನೊಂದು ಬದಿಯಲ್ಲಿ ಹೂವಿನ ಬದಲು ಮನುಷ್ಯರು ನಿಂತಾಗ.

ನಾಗಮಂಗಲದ ಬೆದ್ದಲು ಸೀಮೆಯಲ್ಲಿ ತಂಗಡಿ ಹೂವು ಬರಗಾಲದಲ್ಲೂ ಹಳದಿಯಾಗಿ ಅರಳಿರುತ್ತದೆ. ಪೇಟೆಯಿಂದ ಬಂದವರು ಅದನ್ನು ಬಿರಿದ ನೆಲದ ಮುಂದೆ ಹಿಡಿದು ಛಲ, ಭರವಸೆ ಎಂದೆಲ್ಲ ಹೆಸರಿಡುತ್ತಾರೆ. ದನಕರು ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ, ಆದ್ದರಿಂದ ಉಳಿದಿದೆ ಎಂಬುದು ಊರವರ ವಿವರಣೆ. ತೊಗಲು ಹದ ಮಾಡುವವರಿಗೆ ಅದರ ತೊಗಟೆ ಬೇಕಾಗಿತ್ತು. ಬಿರಿದ ನೆಲ ಯಾರದ್ದು, ಅವನು ಆ ವರ್ಷ ಏನು ಉಂಡ ಎಂಬ ಪ್ರಶ್ನೆ ಚಿತ್ರದೊಳಗೆ ಬರುವುದಿಲ್ಲ. ಅವನ ಹೊಲ ಅಲ್ಲಿ ಹಿನ್ನೆಲೆ.

ಪಾಂಡವಪುರದ ಕಡೆ ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಪ್ರತಿ ಚಳಿಗಾಲದಲ್ಲೂ ಸಿಗುತ್ತದೆ. ಕಬ್ಬಿನ ಸೂಲಂಗಿಯನ್ನು ಸಂಜೆಯ ಎದುರುಬೆಳಕಿನಲ್ಲಿ ನೋಡದವರು ಒಮ್ಮೆ ನೋಡಬೇಕು. ಸೂರ್ಯ ಕುಂತಿಬೆಟ್ಟದ ಎತ್ತರಕ್ಕೆ ಇಳಿದಾಗ ಗದ್ದೆಯ ಮೇಲೆಲ್ಲ ಬೆಳ್ಳಿಯ ಚಾಮರ ಬೀಸಿದಂತಿರುತ್ತದೆ; ಕೆಳಗೆ ಕಬ್ಬಿನ ಜಲ್ಲೆಗಳ ಗಾಢ ಕತ್ತಲು. ಇದಕ್ಕಿಂತ ಒಳ್ಳೆಯ ಕಾಂಟ್ರಾಸ್ಟನ್ನು ಪುಸ್ತಕವೂ ಕೇಳುವುದಿಲ್ಲ. ಆದರೆ ಕಬ್ಬು ಸೂಲಂಗಿ ಬಿಟ್ಟಿತೆಂದರೆ ಅದರ ಬೆಳವಣಿಗೆ ಮುಗಿಯಿತು. ಆಮೇಲೆ ಕಡಿಯದೆ ಬಿಟ್ಟಷ್ಟೂ ಜಲ್ಲೆ ಒಳಗೆ ಬೆಂಡಾಗಿ, ರಸ ಇಳಿದು, ತೂಕ ಹೋಗುತ್ತದೆ. ಕಟಾವಿನ ಆದೇಶಕ್ಕಾಗಿ ಕಾದು ಕುಳಿತ ರೈತನಿಗೆ ಆ ಬೆಳ್ಳಿಯ ಚಾಮರ ತನ್ನ ದುಡ್ಡು ಗಾಳಿಗೆ ಹಾರುವ ಬಗೆ. ನಾನು ಬದುವಿನ ಮೇಲೆ ಸ್ಟ್ಯಾಂಡು ನೆಟ್ಟಿದ್ದಾಗ ಗದ್ದೆಯ ಯಜಮಾನ ಬಂದು ನಿಂತ. “ಏನ್ ಸ್ವಾಮಿ, ನಮ್ಮ ಸೂಲಂಗಿ ತಗೀತಿದ್ದೀರಾ? ಚೆನ್ನಾಗಿ ಬಿಟ್ಟದೆ ಅಲ್ವಾ?” ಎಂದ. ನಾನು ಚೆನ್ನಾಗಿದೆ ಎಂದೆ. “ಇನ್ನೊಂದು ತಿಂಗ್ಳು ಬಿಟ್ಟು ಬನ್ನಿ. ಬರೀ ಹೂವೇ ಇರ್ತದೆ” ಎಂದು ಬೀಡಿ ಹಚ್ಚಿಕೊಂಡ.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತುಹೋಗಿ, 2020ರಲ್ಲಿ ಖಾಸಗಿಯವರ ಗುತ್ತಿಗೆಗೆ ಹೋದ ಮೇಲೆ ಮತ್ತೆ ಹೊಗೆಯಾಡಿತು. 2015ರಲ್ಲಂತೂ ಮಂಡ್ಯ ಜಿಲ್ಲೆಯಿಂದ ಕಬ್ಬು ಬೆಳೆಗಾರರ ಆತ್ಮಹತ್ಯೆಯ ಸುದ್ದಿ ಒಂದರ ಮೇಲೊಂದು ಬಂತು. ಆ ವರ್ಷದ ಪತ್ರಿಕೆಗಳನ್ನು ಓದಿದವನಿಗೆ ಸೂಲಂಗಿಯ ಚಿತ್ರವನ್ನು ‘ಸಂಜೆಯ ಸಂಭ್ರಮ’ ಎಂದು ಕರೆಯಲು ಬಾಯಿ ಬಾರದು. ಹಾಗೆಂದು ನನ್ನ ಚಿತ್ರವನ್ನು ಹರಿದು ಹಾಕಬೇಕೆಂದೂ ನನಗೆ ಅನಿಸಿಲ್ಲ. ಚೆಲುವು ಸುಳ್ಳಲ್ಲ, ಆ ಬೆಳಕು ಅಲ್ಲಿತ್ತು. ಚಿತ್ರದ ಕೆಳಗೆ ‘ಕಟಾವಿಗೆ ಕಾದಿರುವ ಕಬ್ಬು, ಪಾಂಡವಪುರ’ ಎಂದಷ್ಟೇ ಬರೆದಿದ್ದೇನೆ. ಪೇಟೆಯವರು ಬೆಳಕನ್ನು ನೋಡಿ ಮುಂದೆ ಹೋಗುತ್ತಾರೆ. ಮಂಡ್ಯದವರು ನಿಂತು ‘ಅಯ್ಯೋ’ ಎನ್ನುತ್ತಾರೆ. ಒಂದೇ ಚಿತ್ರ ಇಬ್ಬರಿಗೂ ತನ್ನ ತನ್ನ ಮಾತು ಹೇಳಿದರೆ ನನಗೆ ಅಷ್ಟು ಸಾಕು.

ಹಿನ್ನೆಲೆಯ ಗೊಡವೆಯೇ ಬೇಡ ಎಂದು ಅದನ್ನು ಅಳಿಸಿಹಾಕುವವರೂ ಇದ್ದಾರೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಮೇಷ್ಟರು ಗಿಡಗಳ ಮೊಗ್ಗು, ಚಿಗುರು, ಕಾಯಿಗಳನ್ನು ಸಾದಾ ಹಾಳೆಯ ಮುಂದಿಟ್ಟು ಹಲವು ಪಟ್ಟು ಹಿಗ್ಗಿಸಿ ತೆಗೆದ ಚಿತ್ರಗಳ ಪುಸ್ತಕ 1928ರಲ್ಲಿ ಬಂತು. ಅಲ್ಲಿ ಆಶೆಯೂ ಇಲ್ಲ, ಮುಪ್ಪೂ ಇಲ್ಲ. ಜರೀಗಿಡದ ಸುರುಳಿ ಕಬ್ಬಿಣದ ಕಟಾಂಜನದಂತೆ ನಿಂತಿರುತ್ತದೆ, ಅಷ್ಟೆ. ನನಗೂ ಆ ಪ್ರಾಮಾಣಿಕತೆ ಇಷ್ಟ. ಒಂದು ಕಾಲಕ್ಕೆ ನನ್ನ ಚೀಲದಲ್ಲಿ ಒಂದು ಗಜ ಕರಿಯ ಮಕಮಲ್ಲು ಸದಾ ಇರುತ್ತಿತ್ತು. ಆದರೆ ಯಾವ ಹೂವಿನ ಹಿಂದೆ ಬಟ್ಟೆ ಹಿಡಿದರೂ ಅದು ಊರಿಲ್ಲದ, ಋತುವಿಲ್ಲದ ಹೂವಾಗಿ, ಒಡವೆ ಅಂಗಡಿಯ ಗಾಜಿನ ಕಪಾಟು ಸೇರುತ್ತಿತ್ತು.

ಇದಕ್ಕೆ ಒಂದು ಹೊರದಾರಿ ನನಗೆ ಕಂಡದ್ದು ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ 1250ರ ಸುಮಾರಿನದು. ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆಗಳ ಮೇಲೆ ಒಂದು ಬಳ್ಳಿ ಗುಡಿಯನ್ನೇ ಸುತ್ತಿಕೊಂಡು ಹೋಗುತ್ತದೆ. ನಡು ಮಧ್ಯಾಹ್ನ ಹೋದರೆ ಅದು ಇದೆಯೋ ಇಲ್ಲವೋ ಎನ್ನುವಷ್ಟು ಸಪ್ಪೆ. ಬೆಳಗಿನ ಓರೆ ಬಿಸಿಲು ಬಿದ್ದಾಗ ನೋಡಿ: ಒಂದೊಂದು ಸುರುಳಿಯೂ ತನ್ನ ಹಿಂದೆ ಆಳವಾದ ನೆರಳನ್ನು ತೋಡಿಕೊಂಡು ಎದ್ದು ನಿಲ್ಲುತ್ತದೆ. ಬೆಳಗಿದ್ದೂ ಬಳಪದ ಕಲ್ಲೇ, ಕಪ್ಪಾದದ್ದೂ ಅದೇ ಬಳಪದ ಕಲ್ಲು. ಹೂವಾದದ್ದಕ್ಕೂ ಹಿನ್ನೆಲೆಯಾದದ್ದಕ್ಕೂ ಕುಲದಲ್ಲಿ ವ್ಯತ್ಯಾಸವಿಲ್ಲ. ಮಧ್ಯಾಹ್ನ ಕಳೆದು ಬಿಸಿಲು ಪಕ್ಕ ಬದಲಿಸಿದರೆ ಬೆಳಗಿನ ನೆರಳಿನ ಭಾಗಕ್ಕೂ ಅದರ ಸರದಿ ಬರುತ್ತದೆ. ಹೊಯ್ಸಳರ ರೂವಾರಿಗೆ ಇಂಥ ವಿಚಾರವೆಲ್ಲ ಇತ್ತೆಂದು ನಾನು ಹೇಳುವುದಿಲ್ಲ, ಅವನಿಗೆ ಕೂಲಿಯ ಚಿಂತೆ ಇದ್ದಿರಬಹುದು. ನೋಡುವವನು ಕಲಿಯುವುದಕ್ಕೆ ಅದೇನೂ ಅಡ್ಡಿಯಲ್ಲ.

ಹೊಸಹೊಳಲಿನಿಂದ ಪೇಟೆಗೆ ಬರುವ ದಾರಿಯಲ್ಲೇ ನನಗೆ ಅತ್ಯಂತ ಕಠಿಣವಾದ ಪ್ರಶ್ನೆ ಎದುರಾದದ್ದು. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಕಿಕ್ಕೇರಿ ಇದೇ ತಾಲ್ಲೂಕಿನದು. ಅವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದ ಮೇಲೆ ಮಲ್ಲಿಗೆ ಎಂದರೆ ಕನ್ನಡಿಗರಿಗೆ ದಾಂಪತ್ಯ. (ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು ಈ ವಿಷಯವನ್ನು ನನಗಿಂತ ಹಗುರವಾದ ಕೈಯಿಂದ ಬರೆಯುತ್ತಿದ್ದರು. ನನ್ನ ಕೈ ಭಾರ.) ನಮ್ಮಲ್ಲಿ ಹೂವಿನ ಸಂಕೇತಗಳಲ್ಲೆಲ್ಲ ಗಟ್ಟಿಯಾದದ್ದು, ಯಾವ ಕವಿಯೂ ಮಾಡದೆ ಇದ್ದದ್ದು ಒಂದಿದೆ: ಗಂಡ ಇರುವವಳು ಮುಡಿಯುತ್ತಾಳೆ, ಗಂಡ ಸತ್ತವಳು ಮುಡಿಯುವುದಿಲ್ಲ. ಹೂವು ಎನ್ನುವ ಪದ ಬಿಟ್ಟು ಈ ವಾಕ್ಯವನ್ನು ಓದಿದರೂ ಕನ್ನಡದ ಹೆಂಗಸರಿಗೆ ಅರ್ಥವಾಗುತ್ತದೆ.

ಬಸ್ಸು ನಿಲ್ದಾಣದ ಹೊರಗೆ ಒಬ್ಬ ಮುದುಕಿ ಹೂ ಕಟ್ಟಿ ಮಾರುತ್ತಿದ್ದಳು. ಫಿಲ್ಮಿನ ಕಾಲದ ಮಾತು ಇದು. ಒದ್ದೆ ಗೋಣಿಯ ಮೇಲೆ ಮಲ್ಲಿಗೆಯ ಗುಡ್ಡೆ, ಮಡಿಲಲ್ಲಿ ಬಾಳೆನಾರು. ಆಕೆಯ ಬೆರಳುಗಳು ನೋಡದೆಯೇ ಎರಡು ಈ ಕಡೆ, ಎರಡು ಆ ಕಡೆ ಇಟ್ಟು ಗಂಟು ಹಾಕುತ್ತಿದ್ದವು. ಗಿರಾಕಿ ಬಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಮೊಳ ಹಾಕುತ್ತಿದ್ದಳು. ಹೂವಿಗೆ ಅಳತೆ ಅವಳ ಕೈ, ಅವಳ ತಲೆಯಲ್ಲಿ ಮಾತ್ರ ಒಂದು ಎಸಳೂ ಇಲ್ಲ. ನನ್ನ ಜೊತೆಗಿದ್ದ ಮಿತ್ರರು ಪಿಸುಗುಟ್ಟಿದರು: ಕರಿಯ, ಸುಕ್ಕುಗಟ್ಟಿದ ಕೈ, ಬಿಳಿಯ ಮಲ್ಲಿಗೆ, ಬರಿದಾದ ಮುಡಿ, ‘ವಿಪರ್ಯಾಸ’ ಎಂದು ಹೆಸರಿಡಿ, ಚಿನ್ನದ ಪದಕ ಗ್ಯಾರಂಟಿ.

ನಾನು ಆಕೆಯನ್ನು ಕೇಳಿದೆ, ಒಂದು ಫೋಟೋ ತೆಗೆಯಲೇ ಎಂದು. ಆಕೆ ತಟ್ಟನೆ ಒಪ್ಪಿದಳು. ವಿಧವಾ ವೇತನದ ಅರ್ಜಿಗೆ ಹೇಗೂ ಒಂದು ಬೇಕಾಗಿತ್ತಂತೆ. ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕುಳಿತವಳು, “ತಡೀರಿ ಸ್ವಾಮಿ” ಎಂದು ಮಲ್ಲಿಗೆಯ ಗೋಣಿಯನ್ನು ಎರಡು ಕೈಯಿಂದ ಎಳೆದು ಪಕ್ಕಕ್ಕೆ, ಕ್ಯಾಮರಾಕ್ಕೆ ಕಾಣದಷ್ಟು ದೂರಕ್ಕೆ ಸರಿಸಿದಳು. “ಹೂವಿನ ಜೊತೆ ತೆಗೆಸಿಕೊಂಡ್ಲು ಅಂತ ನೋಡ್ದೋರು ಏನಂದಾರು?” ಹೂವು ಇರಲಿ ಎಂದು ಮಿತ್ರರು ಒತ್ತಾಯಿಸಿದರು. ಆಕೆ ನಕ್ಕಳು. ದಿನವೆಲ್ಲ ಅದರ ವಾಸನೆಯಲ್ಲೇ ಕೂತಿರುತ್ತೀಯಲ್ಲ ಎಂದು ಅವರು ಕೆಣಕಿದ್ದಕ್ಕೆ ಆಕೆ ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ: “ಮೂಸಿದ ಹೂವು ದೇವ್ರಿಗಾಗಲ್ಲ ಅಂತಾರೆ. ನಾನೆಲ್ಲಿ ಮೂಸ್ತೀನಿ? ಅದೇ ಬತ್ತದೆ ಮೂಗ್ಗೆ.”

ಆಕೆ ಕೇಳಿದಂತೆಯೇ ತೆಗೆದೆ. ಎದೆಯವರೆಗಿನ ಚಿತ್ರ, ಹಿಂದೆ ನಿಲ್ದಾಣದ ಗೋಡೆ. ಊರಿಗೆ ಮರಳುವವರೆಗೂ ಮಿತ್ರರು ನನ್ನೊಡನೆ ಜಗಳವಾಡಿದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಕ್ರೂರವಾದ ಪದ್ಧತಿಯೊಂದು ಎದುರಿಗೆ ಕುಳಿತಿದೆ, ಅದನ್ನು ತೋರಿಸುವ ಚಿತ್ರ ನಿಮ್ಮ ಕೈಯಲ್ಲಿತ್ತು, ಆಕೆಯ ಭಯಕ್ಕೆ ಮಣಿದು ನೀವೂ ಆ ಪದ್ಧತಿಯನ್ನೇ ಪಾಲಿಸಿದಿರಿ ಎಂದರು. ಹೂವನ್ನು ಚೌಕಟ್ಟಿನಿಂದ ಹೊರಗೆ ತಳ್ಳಿದ್ದು ಆ ಮುದುಕಿಯ ಕೈಯಲ್ಲ, ಅವಳ ಕೈಯೊಳಗಿದ್ದ ಊರಿನ ಕೈ ಎಂದರು. ಅಲ್ಲವೆಂದು ನಾನು ಹೇಗೆ ಹೇಳಲಿ? ಕೆಂಪು ಫಿಲ್ಟರ್ ಯಾವುದು ಕಪ್ಪು ಎಂದು ತೀರ್ಮಾನಿಸಿದಂತೆ, ಎಂದೋ ಯಾರೋ ಅವಳ ತಲೆಯ ಮೇಲೆ ತೀರ್ಮಾನ ಮಾಡಿಬಿಟ್ಟಿದ್ದಾರೆ. ವೈದೃಶ್ಯ ನನ್ನ ಸೃಷ್ಟಿಯಾಗಿರಲೇ ಇಲ್ಲ, ನಾನು ಬರುವ ಮೊದಲೇ ಅಲ್ಲಿ ಅದು ಸಿದ್ಧವಾಗಿ ಕುಳಿತಿತ್ತು.

ಆದರೆ ಆ ಚಿತ್ರ ತೆಗೆದಿದ್ದರೆ ಪದಕ ನನಗೆ ಬರುತ್ತಿತ್ತು, ಮಾತು ಆಕೆಗೆ ಬರುತ್ತಿತ್ತು. ಪ್ರದರ್ಶನದ ಗೋಡೆಯಲ್ಲಿ ಆಕೆ ವಿಪರ್ಯಾಸವಾಗಿ ತೂಗುತ್ತಿದ್ದಾಗಲೂ ಮರುದಿನ ಬೆಳಿಗ್ಗೆ ಅದೇ ನಿಲ್ದಾಣದ ಹೊರಗೆ ಅದೇ ಗಿರಾಕಿಗಳ ಮುಂದೆ ಕೂರಬೇಕಾದವಳು ಅವಳು. ಊರಿನೊಡನೆ ಹೋರಾಡುವುದಾದರೆ ನನ್ನ ಮುಖ ಇಟ್ಟುಕೊಂಡು ಹೋರಾಡಬಹುದು, ಅವಳ ಮುಖವನ್ನು ಸಾಲ ತಂದು ಹೋರಾಡುವ ಅಧಿಕಾರ ನನಗೆ ಯಾರು ಕೊಟ್ಟರು? 2022ರ ಮೇ ತಿಂಗಳಲ್ಲಿ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರ್ವಾಡ ಗ್ರಾಮ ಪಂಚಾಯಿತಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಗಳು ನಿಲ್ಲಬೇಕೆಂದು ನಿರ್ಣಯ ಮಾಡಿತು. ಮಿತ್ರರು ಆ ಸುದ್ದಿಯನ್ನು ಕತ್ತರಿಸಿ ನನಗೆ ಅಂಚೆಯಲ್ಲಿ ಕಳುಹಿಸಿದರು. ಜೊತೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಇದು ಅವರ ವಾದಕ್ಕೆ ಸಾಕ್ಷಿಯೋ ನನ್ನದಕ್ಕೋ ಎಂದು ಇನ್ನೂ ಲೆಕ್ಕ ಹಾಕುತ್ತಿದ್ದೇನೆ. ಹೊಸಹೊಳಲಿನ ಕಲ್ಲಿನಂತೆ ಒಂದೇ ಊರು ತಾನೇ ತನ್ನ ನೆರಳಿಗೆ ಬಿಸಿಲು ತಿರುಗಿಸಿದರೆ ಅದರ ಸೊಗಸೇ ಬೇರೆ. ಅಷ್ಟರವರೆಗೆ ಹೊರಗಿನವನು ಸುಮ್ಮನಿರಬೇಕೆ ಎಂದು ಅವರು ಕೇಳಿದರೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ.

ಹದಿನೈದು ದಿನಗಳ ನಂತರ ಪ್ರತಿಯನ್ನು ತೆಗೆದುಕೊಂಡು ಹೋದೆ. ಆಕೆ ಕೈ ಒರೆಸಿಕೊಂಡು ಇಸಿದುಕೊಂಡಳು, ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಲಗಡೆಯ ಕೆಳಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಗೋಣಿ ಎಳೆದಾಗ ಜಾರಿ ಉಳಿದಿದ್ದ ಗೇಣುದ್ದದ ಮಲ್ಲಿಗೆಯ ಎಳೆ ಅಲ್ಲಿ ಅವಳ ಮೊಣಕಾಲಿನ ಪಕ್ಕದಲ್ಲಿತ್ತು. “ಇದೊಂದ ಕತ್ತರಿಸಿ ಕೊಡ್ತೀರಾ?” ಎಂದಳು. ಪಕ್ಕದ ಅಂಗಡಿಯಲ್ಲಿ ಕತ್ತರಿ ಇಸಿದುಕೊಂಡು ಕತ್ತರಿಸಿಕೊಟ್ಟೆ. ಹಣ ಕೊಡಲು ಬಂದಳು, ಬೇಡವೆಂದೆ. ಹಾಗಾದರೆ ಮನೆಯವರಿಗೆ ಇರಲಿ ಎಂದು ಒಂದು ಮೊಳ ಅಳೆದು ಎಲೆಯಲ್ಲಿ ಸುತ್ತಿದಳು. ಕತ್ತರಿಸದ ನೆಗೆಟಿವ್ ನನ್ನ ಪೆಟ್ಟಿಗೆಯಲ್ಲಿದೆ. ಇದುವರೆಗೆ ಅದನ್ನು ಯಾರಿಗೂ ಮುದ್ರಿಸಿ ತೋರಿಸಿಲ್ಲ.